ಮಿಡಿ ಬಾಟಲಿಯ ಗಂಟು

ದೆವ್ವ, ಶಕುನ ಎಂದರೆ ನಕ್ಕುಬಿಡುವ ಹೆಂಗಸು ನಾನು. ತೀರ್ಥಹಳ್ಳಿಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿಯಿದೆ. ಕಣ್ಣಿಗೆ ಕಂಡದ್ದನ್ನು, ಟೇಪಿನ ಅಳತೆಗೆ ಸಿಕ್ಕಿದ್ದನ್ನು ಮಾತ್ರ ನಂಬಿ ಅಭ್ಯಾಸ. ಇದನ್ನು ಓದಿ ನೀವೂ ನಕ್ಕರೆ ನನಗೇನೂ ಬೇಸರವಿಲ್ಲ.

ಹೊಸನಗರದ ತವರುಮನೆಯಲ್ಲಿ ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದರೆ ಬಾಟಲಿಯ ಬಾಯಿಗೆ ಬಟ್ಟೆ ಮುಚ್ಚಿ, ದಾರ ಸುತ್ತಿ ಒಂದು ಗಂಟು ಹಾಕುತ್ತಿದ್ದಳು. ಎಷ್ಟು ಅಲ್ಲಾಡಿಸಿದರೂ ಸಡಿಲವಾಗದು, ತುದಿ ಹಿಡಿದು ಎಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳುವುದು. ದಿನವಿಡೀ ದಾರ ಹಿಡಿದು ಬದುಕುವ ನನಗೂ ಅದು ಕೈಗೆ ಹತ್ತಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಉಳಿದದ್ದು ಒಂದೇ ಬಾಟಲಿ. ಅದನ್ನು ಬಿಚ್ಚಿದ ದಿನ ನಾನೂ ಸಾಗರದ ಅಕ್ಕನೂ ಮತ್ತೆ ಕಟ್ಟಲು ಒದ್ದಾಡಿ, ಸೋತು, ಅದೇ ಬಟ್ಟೆಯ ಮೇಲೆ ರಬ್ಬರ್ ಬ್ಯಾಂಡ್ ಹಾಕಿದೆವು. ಅಮ್ಮ ಹೋದ ದಿನಕ್ಕಿಂತ ಹೆಚ್ಚು ಅತ್ತದ್ದು ಆವತ್ತೇ.

ಮರುವರ್ಷ ನಾವಿಬ್ಬರೂ ವಿಯೆಟ್ನಾಂ ಪ್ರವಾಸಕ್ಕೆ ಹೋದೆವು. ಬಾಟಲಿಯೂ ಬಂತು. ಒಂದು ಮಧ್ಯಾಹ್ನ ಸಣ್ಣ ಹೋಟೆಲಿನಲ್ಲಿ ಅನ್ನ, ಬೇಯಿಸಿದ ಸಪ್ಪೆ ಸೊಪ್ಪು ಬಂದಾಗ ನಾನು ಬಾಟಲಿ ತೆಗೆದು ಒಂದು ಮಿಡಿ ಹಾಕಿಕೊಂಡೆ. ಅರ್ಧ ಕಚ್ಚಿದ್ದೆನಷ್ಟೆ, ಹೋಟೆಲಿನ ಮುದುಕಿ ಬಂದು ಬಾಟಲಿ, ಬಟ್ಟೆ ಎಲ್ಲ ಎತ್ತಿಕೊಂಡು ಒಳಗೆ ಹೋದಳು.

"ಇಲ್ಲಿ ಹೊರಗಿಂದು ತಿನ್ನಂಗಿಲ್ಲ ಮೇಡಂ. ಅವ್ರ ಅಡಿಗೆ ಚೆನ್ನಾಗಿಲ್ಲ ಅಂದಂಗೆ ಆಗ್ತದಂತೆ. ಹೋಗುವಾಗ ಕೊಡ್ತಾರೆ," ಎಂದ ಶಿವಮೊಗ್ಗದಿಂದ ನಮ್ಮ ಜೊತೆ ಬಂದಿದ್ದ ಟೂರ್ ಮ್ಯಾನೇಜರ್.

"ಎಂತಕ್ಕೆ ತೆಗೆದ್ಯೇ ಅದನ್ನ? ಕೊಡ್ದೇ ಇದ್ರೆ ಎಂತ ಮಾಡ್ತೀಯ?" ಎಂದಳು ಅಕ್ಕ. ಅಮ್ಮನ ಕೈಯದ್ದು ಎಂದು ನಮಗೆ ಉಳಿದದ್ದು ಅದೊಂದೇ. ಉಳಿದರ್ಧ ಮಿಡಿಯನ್ನು ತಟ್ಟೆಯ ಅಂಚಿಗೆ ಸರಿಸಿಟ್ಟೆ.

ಹೊರಡುವಾಗ ಮುದುಕಿ ಎರಡೂ ಕೈಯಲ್ಲಿ ಹಿಡಿದು ಬಾಟಲಿ ತಂದುಕೊಟ್ಟಳು. ರಬ್ಬರ್ ಬ್ಯಾಂಡ್ ಇರಲಿಲ್ಲ. ಬಟ್ಟೆಯ ಮೇಲೆ ದಾರ, ದಾರದಲ್ಲಿ ಅಮ್ಮನ ಗಂಟು. ಅಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

ಮ್ಯಾನೇಜರ್ ಮೊಬೈಲಿನಲ್ಲಿ ಅವರ ಭಾಷೆಗೆ ತಿರುಗಿಸಿ ವಿಚಾರಿಸಿದ. "ನಾನು ಬಿಚ್ಚೂ ಇಲ್ಲ, ಕಟ್ಟೂ ಇಲ್ಲ, ಹೀಗೇ ಇತ್ತು ಅಂತಾರೆ," ಎಂದ. ನನ್ನ ತಟ್ಟೆಯಲ್ಲಿ ಅರ್ಧ ಕಚ್ಚಿದ ಮಿಡಿ ಇನ್ನೂ ಇತ್ತು.

ಆ ಊರಿನಲ್ಲೂ ಅಂಥದೇ ಗಂಟು ಹಾಕುತ್ತಾರೇನೋ, ಮೊಬೈಲು ತಪ್ಪು ಹೇಳಿತೇನೋ. ಏನೇನೋ ಯೋಚಿಸಿದ್ದೇನೆ, ಯಾವುದೂ ಮನಸ್ಸಿಗೆ ಒಪ್ಪಿಲ್ಲ. ಬಾಟಲಿ ಈಗ ನನ್ನ ಅಂಗಡಿಯ ಕಪಾಟಿನಲ್ಲಿದೆ. "ಒಂದ್ಸಲ ಬಿಚ್ಚಿ ನೋಡನ, ಹೆಂಗೆ ಹಾಕಿದ್ದು ಅಂತ ಗೊತ್ತಾಗ್ತದೆ," ಎನ್ನುತ್ತಾಳೆ ಅಕ್ಕ, ಬಂದಾಗಲೆಲ್ಲ. ನಾನೂ ದಾರದ ತುದಿ ಹಿಡಿಯುತ್ತೇನೆ. ಎಳೆದರೆ ಬಿಚ್ಚಿಕೊಳ್ಳುತ್ತದೆ. ಮತ್ತೆ ಕಟ್ಟುವವರು ನಮ್ಮಲ್ಲಿ ಯಾರೂ ಇಲ್ಲ.