ಪತ್ರದಲ್ಲಿ ಮನೆ ಎಂದೇ ಬರೆಸಿದ್ದು

ಎರಡು ವರ್ಷದ ಹಿಂದೆ, ಒಂದು ಸೋಮವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ, ನಾನು ಗುಂಡ್ಲುಪೇಟೆಯಲ್ಲಿ ಕ್ರಯಪತ್ರ ಬರಹಗಾರರೊಬ್ಬರ ಮೇಜಿನ ಎಡಕ್ಕೆ, ಜೆರಾಕ್ಸ್ ಯಂತ್ರದ ಪಕ್ಕ ನಿಂತಿದ್ದೆ. ಸಾಕ್ಷಿ ಹಾಕಲು ಬಂದಿದ್ದೆ. ಮನೆ ಕೊಳ್ಳುತ್ತಿದ್ದವಳು ನನ್ನ ಅಕ್ಕ. ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಅವಳ ಹೆಸರಿಗೆ ಅದೇ ಮೊದಲ ಮನೆ. ಮಾರುವವರು ಒಬ್ಬ ವಯಸ್ಸಾದ ಟೈಲರ್. ಕಟ್ಟಿದ ಮನೆಯನ್ನು ಅವರು ಪುರಸಭೆಯ ಖಾತೆಗೆ ಸೇರಿಸಿರಲಿಲ್ಲ.

ಬರಹಗಾರರು ಕನ್ನಡಕ ಏರಿಸಿಕೊಂಡು ಹೇಳಿದರು: “ಖಾತೇಲಿ ಸೈಟು ಅಂತ್ಲೇ ಅದೆ ಕಣಕ್ಕ. ಪತ್ರದಲ್ಲೂ ಖಾಲಿ ನಿವೇಶನ ಅಂತ ಬರ್ದ್‌ಬುಡ್ತೀನಿ. ಮುದ್ರಾಂಕ ಶುಲ್ಕ ಎಷ್ಟೋ ಉಳೀತದೆ. ಎಲ್ರೂ ಮಾಡಾದೇ ಇದು.”

“ಒಳಗೆ ಒಲೆ ಅದೆ, ಬಚ್ಚಲದೆ, ತಲೆ ಮ್ಯಾಲೆ ಎಂಚದೆ. ಅದೆಂಗ್ ಖಾಲಿ ಆಯ್ತದೆ ಸೋಮಿ?” ಎಂದಳು ಅಕ್ಕ. “ಮೊದ್ಲ ಮನೆ ತಗಳೋರ್ಗೆ ಸರ್ಕಾರ ರಿಯಾಯ್ತಿ ಕೊಡ್ತದಂತಲ್ಲ?”

“ಅದು ಒಸಾ ಫ್ಲ್ಯಾಟಿಗೆ. ಕಟ್ದೋರತ್ರ ನೇರ ತಗಂಡ್ರೆ ಮಾತ್ರ. ಅಳೇ ಎಂಚಿನ ಮನೆಗಲ್ಲ.”

“ಈ ಬೀದೀಲಿ ಫ್ಲ್ಯಾಟ್ ಎಲ್ಲದೆ ತೋರ್ಸಿ. ಮೋಡದ ಮ್ಯಾಲ?”

ಟೈಲರ್ ನಕ್ಕುಬಿಟ್ಟರು. ನಾನು ನಗಲಿಲ್ಲ. “ಬರೀಲಿ ಬುಡಕ್ಕ” ಎಂದೆ. ಆ ಮಾತು ಆಡಿದ್ದು ನಾನೇ, ಇಲ್ಲಿ ಮುಚ್ಚಿಡುವುದಿಲ್ಲ. ಸ್ನೇಹಿತರ ಅಂಥ ಎಷ್ಟೋ ಪತ್ರಗಳಿಗೆ ನಾನು ಓದದೆ ಸಹಿ ಹಾಕಿದ್ದೇನೆ.

ಅಕ್ಕ ನನ್ನ ಕಡೆ ತಿರುಗಿದಳು. “ಭೀಮನಬೀಡಲ್ಲಿ ಏನಾಯ್ತು, ಮರ್ತ್‌ಬುಟ್ಯೇನ್ಲಾ?”

ಮರೆತಿರಲಿಲ್ಲ. ಅಲ್ಲಿ ನಮ್ಮಪ್ಪ ಕೊಂಡ ಮನೆಯ ಪತ್ರದಲ್ಲೂ ಖಾಲಿ ಜಾಗ ಎಂದೇ ಇತ್ತು. ಮಳೆಗೆ ಗೋಡೆ ಕುಸಿದಾಗ ಅವ್ವ ಪರಿಹಾರ ಕೇಳಲು ತಾಲ್ಲೂಕು ಕಚೇರಿಗೆ ಹೋದಳು. ಕಾಗದದಲ್ಲಿ ಮನೆಯೇ ಇಲ್ಲ, ಬಿದ್ದದ್ದು ಯಾವುದಮ್ಮ ಎಂದು ಕೇಳಿದರಂತೆ. ಅಂದಿನಿಂದ ನಮ್ಮದು ಬಾಡಿಗೆ ಮನೆಯೇ ಆಯಿತು. ಕೈಯಲ್ಲಿದ್ದ ಪೆನ್ನನ್ನು ನಾನು ಮೇಜಿನ ಮೇಲಿಟ್ಟೆ.

“ಪೂರ್ತಿ ಶುಲ್ಕ ಕಟ್ತೀನಿ. ಮನೆ ಅಂತ ಬರೀರಿ” ಎಂದಳು ಅಕ್ಕ.

“ಖಾತೆ ಸರಿಯಾಗ್ದೆ ಬರೆಯಕಾಗಲ್ಲ ಕಣಕ್ಕ. ತಿಂಗಳಾದ್ರೂ ಆಯ್ತದೆ.”

“ಆಗ್ಲಿ. ಬಾಡಿಗೆ ಮನೇಲಿ ಇಷ್ಟು ವರ್ಸ ಇದ್ದೋಳ್ಗೆ ಒಂದ್ ತಿಂಗ್ಳು ಎಚ್ಚಾ?”

ಐದು ವಾರ ಹಿಡಿಯಿತು. ಟೈಲರನ್ನು ಕರೆದುಕೊಂಡು ಅವಳು ಪುರಸಭೆಗೆ ಮೂರು ಸಲ ಹೋದಳು. ಮನೆಯ ಮುಂಬಾಗಿಲನ್ನು ಗೆದ್ದಲು ತಿಂದಿತ್ತು. ಹೊಸ ಬಾಗಿಲಿಗೆಂದು ಎತ್ತಿಟ್ಟಿದ್ದ ಹಣವೂ ಶುಲ್ಕಕ್ಕೇ ಹೋಯಿತು. ನೋಂದಣಿಯ ದಿನ ನಾನು ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಹೆಂಚಿನ ವಾಸದ ಮನೆ ಎಂಬ ಸಾಲನ್ನು ಎರಡು ಸಲ ಓದಿದೆ. ಆಮೇಲೆ ಸಹಿ ಹಾಕಿದೆ. ಇನ್ನೊಬ್ಬ ಸಾಕ್ಷಿ ನನ್ನ ಸಹಿಯ ಕೆಳಗೆ ತನ್ನದನ್ನು ಹಾಕಿದ. ಅಕ್ಕ ಹೆಬ್ಬೆಟ್ಟು ಒತ್ತಿ, ಕ್ಯಾಮೆರಾವನ್ನು ದುರುಗುಟ್ಟಿಕೊಂಡು ನೋಡಿದಳು. ಪತ್ರದಲ್ಲಿ ಅವಳ ಫೋಟೊ ಹಾಗೆಯೇ ಇದೆ.

ಆ ಚಳಿಗಾಲವೆಲ್ಲ ಅವಳ ಮನೆಗೆ ಬಾಗಿಲಿನ ಜಾಗದಲ್ಲಿ ಹೊಲಿದ ಅಕ್ಕಿ ಚೀಲ ತೂಗುತ್ತಿತ್ತು. ಶುಲ್ಕ ಉಳಿಸಿದ್ದರೆ ಬಾಗಿಲಾಗುತ್ತಿತ್ತು ಎಂದು ಈಗಲೂ ನನಗೆ ಹೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೆ: ನಾನು ಇನ್ನು ಸುಳ್ಳು ಪತ್ರಕ್ಕೆ ಸಾಕ್ಷಿ ಹಾಕುವುದಿಲ್ಲ, ಯಾರೇ ಕರೆದರೂ.

ಟೈಲರ್ ಹೋದ ವರ್ಷ ತೀರಿಕೊಂಡರು. ಬರಹಗಾರರು ಅದೇ ಮೇಜಿನಲ್ಲಿ ಕೂರುತ್ತಾರೆ. ಆ ಇನ್ನೊಬ್ಬ ಸಾಕ್ಷಿ ಅಕ್ಕನ ಜೊತೆ ಅಡುಗೆಗಿದ್ದವನು, ಈಗ ಸಂತೆಮರಹಳ್ಳಿಯಲ್ಲಿದ್ದಾನೆ. ಅಕ್ಕ ಆ ಮನೆಯಲ್ಲೇ ಇದ್ದಾಳೆ.