ಚೀಲದಲ್ಲಿ ಬೆಚ್ಚಗಿದ್ದ ಡಬ್ಬಿ

ದೆವ್ವ, ಪವಾಡ, ಶಕುನ ಯಾವುದನ್ನೂ ನಾನು ನಂಬುವವಳಲ್ಲ. ಕಾಶಿಯಲ್ಲಿದ್ದುಕೊಂಡು ಹೀಗೆ ಹೇಳುವುದು ಎಷ್ಟು ಕಷ್ಟ ಎಂದು ಇಲ್ಲಿ ಸಂಸಾರ ಮಾಡಿದವರಿಗೇ ಗೊತ್ತು. ಹಾಲಿನವನಿಂದ ಹಿಡಿದು ಪ್ರೊಫೆಸರರ ತನಕ ಎಲ್ಲರ ಬಳಿಯೂ ಒಂದೊಂದು ಪವಾಡ ಸಿದ್ಧವಾಗಿರುತ್ತದೆ. ಕಥೆ ಮುಗಿಯುವ ತನಕ ತಲೆಯಾಡಿಸಿ, ಚಹಾ ಕುಡಿದು ಎದ್ದು ಬರುವುದು ನನ್ನ ಪದ್ಧತಿಯಾಗಿತ್ತು. ಇದನ್ನು ಓದುವ ನೀವೂ ಹಾಗೇ ಮಾಡಿದರೆ ನನಗೇನೂ ಬೇಸರವಿಲ್ಲ.

ನನ್ನ ಗಂಡ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾರೆ. ನಾನು ಮೈಸೂರಿನ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದವಳು. ಇಲ್ಲಿಗೆ ಬಂದಮೇಲೆ ಸುಮ್ಮನೆ ಕೂರಲಾರದೆ ಸಣ್ಣದೊಂದು ಇಂಟರ್ನೆಟ್ ಸೇವೆ ಶುರುಮಾಡಿದೆ. ಘಾಟಿನ ಹಿಂದಿನ ಗಲ್ಲಿಗಳಲ್ಲಿ ಕೇಬಲ್ ಎಳೆದರೆ ಮಂಗಗಳು ಉಳಿಸುವುದಿಲ್ಲ, ಹಾಗಾಗಿ ಮಹಡಿಯಿಂದ ಮಹಡಿಗೆ ಗಾಳಿಯಲ್ಲೇ ಸಿಗ್ನಲ್ ಕಳಿಸುವ ಏರ್ಪಾಡು. ಇಷ್ಟಾಗಿಯೂ ಜನ ನನ್ನನ್ನು ಕರೆಯುತ್ತಿದ್ದದ್ದು 'ತಾರ್‌ವಾಲಿ', ಅಂದರೆ ತಂತಿಯವಳು ಎಂದೇ. ನಾನು ತಿದ್ದುವ ಗೋಜಿಗೆ ಹೋಗಲಿಲ್ಲ.

ನಮ್ಮ ಕಸುಬಿನ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಮಹಡಿಯ ಮೇಲಿನ ಆಂಟೆನಾಕ್ಕೆ ಬೇರೆ ಕರೆಂಟಿನ ವೈರು ಇರುವುದಿಲ್ಲ. ಮನೆಯೊಳಗಿನ ಪ್ಲಗ್ಗಿಗೆ ಒಂದು ಕರಿ ಡಬ್ಬಿ ಸಿಕ್ಕಿಸುತ್ತೇವೆ. ಇಂಟರ್ನೆಟ್ ಹೋಗುವ ಕೇಬಲ್ಲಿನೊಳಗೇ ಅದು ಕರೆಂಟನ್ನೂ ಸೇರಿಸಿ ಮೇಲಕ್ಕೆ ಕಳಿಸುತ್ತದೆ. ಡಬ್ಬಿ ಸತ್ತರೆ ಆಂಟೆನಾ ಸತ್ತಂತೆ. ಅದು ಬದುಕಿದೆಯೋ ಇಲ್ಲವೋ ತಿಳಿಯಲು ಕೈಯಿಟ್ಟು ನೋಡಿದರೆ ಸಾಕು, ಬದುಕಿದ್ದರೆ ಬೆಚ್ಚಗಿರುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲದಲ್ಲಿ ನಮಗೆ ಬಂದ ಡಬ್ಬಿಗಳೆಲ್ಲ ಕಳಪೆ. ದಿನ ಬೆಳಗಾದರೆ ಯಾವುದಾದರೊಂದು ಮನೆಯದು ಸುಟ್ಟಿರುತ್ತಿತ್ತು. ಬೈಗುಳ ತಿಂದು ತಿಂದು ನನಗೆ ಫೋನ್ ಎತ್ತುವುದೇ ಬೇಡವಾಗಿತ್ತು.

ಬೈಯದೆ ಇದ್ದವರು ಕೇದಾರ ಘಾಟಿನ ಶಂಕರಭಟ್ಟರು ಒಬ್ಬರೇ. ಧಾರವಾಡದ ಕಡೆಯವರು, ಹೆಂಡತಿ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ಕ್ಷೇತ್ರಸಂನ್ಯಾಸ ತೆಗೆದುಕೊಂಡಿದ್ದರು. ಅಂದರೆ ಸಾಯುವ ತನಕ ಕಾಶಿಯ ಎಲ್ಲೆ ದಾಟುವುದಿಲ್ಲ ಎಂಬ ವ್ರತ. ಎದುರಿಗೆ ಗಂಗೆ, ಗಂಗೆಯಾಚೆ ರಾಮನಗರ. ಅದು ಕಾಶಿಯ ಎಲ್ಲೆಯ ಹೊರಗೆ. ಅವರ ಒಬ್ಬಳೇ ಅಕ್ಕ ಅಂಬಕ್ಕ ಇದ್ದದ್ದು ಅಲ್ಲೇ, ಶಾಲಾ ಮೇಷ್ಟ್ರಾಗಿದ್ದ ಮಗನ ಮನೆಯಲ್ಲಿ. ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಈ ಕಡೆಗೆ ಕರೆತರೋಣವೆಂದರೆ ಮಗ ಒಪ್ಪುತ್ತಿರಲಿಲ್ಲ. ಕಾಶಿಗೆ ತರುವುದೆಂದರೆ ಸಾಯಲಿಕ್ಕೇ ತಂದಂತೆ ಎಂಬ ಭಯ ಅವನಿಗೆ.

ಅಂಬಕ್ಕನಿಗೆ ಕಿವಿ ಪೂರಾ ಹೋಗಿತ್ತು. ತುಟಿ ನೋಡಿ ಮಾತು ತಿಳಿಯುತ್ತಿದ್ದರು, ಅದೂ ಕನ್ನಡದ ಮಾತು ಮಾತ್ರ. ಸೊಸೆ ಉತ್ತರದವಳು, ಮೊಮ್ಮಕ್ಕಳದು ಹಿಂದಿ, ಮಗನಿಗೆ ಪುರುಸೊತ್ತಿಲ್ಲ. ಹೀಗಾಗಿ ಅವರ ಪಾಲಿಗೆ ಮಾತು ಎಂದರೆ ಸಂಜೆ ಟ್ಯಾಬ್ಲೆಟ್ಟಿನಲ್ಲಿ ಕಾಣುವ ತಮ್ಮನ ಮುಖ. ರಾಮನಗರದ ಕೋಟೆಯ ಹಿಂದಿನ ಆ ಓಣಿಯಲ್ಲಿ ಮೊಬೈಲಿನ ಚಿತ್ರ ನಿಂತು ನಿಂತು ಬರುತ್ತಿತ್ತು, ನಮ್ಮ ಆಂಟೆನಾ ಒಂದೇ ಗತಿ. ಭಟ್ಟರು ಚಳಿಗೆ ಮಫ್ಲರು ಸುತ್ತಿಕೊಂಡು ಕೂತರೆ ಅಂಬಕ್ಕ ಗದರುತ್ತಿದ್ದರು, "ಬಾಯಿ ಮ್ಯಾಲಿಂದ ಅದನ್ನ ತಗಿಯೋ, ನೀ ಏನಂತಿ ನನಗ ಹ್ಯಾಂಗ ಕಾಣಬೇಕು?" ಆ ದಡದಲ್ಲಿ ಸತ್ತವರು ಕತ್ತೆಯಾಗಿ ಹುಟ್ಟುತ್ತಾರೆ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಭಟ್ಟರಿಗೆ ಅದೇ ಚಿಂತೆ. ಅಂಬಕ್ಕ ಮಾತ್ರ, "ಕತ್ತೆ ಆದ್ರ ಆಗ್ಲಿ ಬಿಡು, ಕಿವಿಯರೆ ಛಲೋ ಇರ್ತಾವ" ಎಂದು ನಕ್ಕುಬಿಡುತ್ತಿದ್ದರು.

ಒಂದು ದಿನ ಅಂಬಕ್ಕನ ಮನೆಯ ಡಬ್ಬಿಯೂ ಸುಟ್ಟಿತು. ನಾನೇ ಸೇತುವೆ ದಾಟಿ ಹೋದೆ. ಅಂಬಕ್ಕ ತೀರಾ ಇಳಿದುಹೋಗಿದ್ದರು, ಇನ್ನು ಕೆಲವೇ ದಿನ ಎಂದು ಡಾಕ್ಟರು ಹೇಳಿದ್ದರಂತೆ. ಬದಲಿ ಡಬ್ಬಿ ನನ್ನ ಬಳಿ ಇರಲಿಲ್ಲ. ಸತ್ತದ್ದನ್ನು ಕಿತ್ತು ಚೀಲಕ್ಕೆ ಹಾಕಿಕೊಂಡೆ, ಕೇಬಲ್ಲಿನ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದೆ. ವಾಪಸು ಬಂದು ಭಟ್ಟರಿಗೆ ವಿಷಯ ತಿಳಿಸಿದೆ. "ನಾಳೆ ಅಂತೂ ಹಾಕ್ತೀ ಅಲ್ಲೇನವಾ? ಒಂದು ಮಾತು ಹೇಳೋದದ ಅಕೀಗೆ" ಎಂದರು. ನಾಳೆ ಖಂಡಿತ ಹಾಕುತ್ತೇನೆ ಎಂದೆ.

ಮರುದಿನ ಬೆಳಿಗ್ಗೆ ಎಂಥ ಮಂಜೆಂದರೆ ಘಾಟಿನ ಮೆಟ್ಟಿಲುಗಳು ಕೆಳಗಿಳಿಯುತ್ತ ಇಳಿಯುತ್ತ ಇಲ್ಲವಾಗಿಬಿಟ್ಟಿದ್ದವು. ನದಿ ಇಲ್ಲ, ಆಚೆ ದಡವಿಲ್ಲ. ದೋಣಿಯೊಂದರ ಹುಟ್ಟಿನ ಸದ್ದು ಮಾತ್ರ ಎಲ್ಲಿಂದಲೋ ಬರುತ್ತಿತ್ತು. ಗೋದೌಲಿಯಾ ಪೇಟೆಯ ಅಂಗಡಿ ತೆರೆದ ಕೂಡಲೇ ಹೊಸ ಡಬ್ಬಿ ಕೊಳ್ಳಬೇಕು, ಅದಕ್ಕೆ ಮೊದಲು ಈ ಕಡೆಯ ಆಂಟೆನಾ ನೋಡಿಬಿಡೋಣ ಎಂದು ಭಟ್ಟರ ಮನೆ ಹತ್ತಿದೆ. ಬಾಗಿಲು ತೆರೆದೇ ಇತ್ತು.

ಅವರು ಟ್ಯಾಬ್ಲೆಟ್ ಮುಂದೆ ಕೂತು ಮಾತಾಡುತ್ತಿದ್ದರು. ಅದರಲ್ಲಿ ಅಂಬಕ್ಕ ಇದ್ದರು. ಹಸಿರು ಗೋಡೆ, ಬೂದು ಶಾಲು, ಕಿಟಕಿಯ ಸರಳು, ಎಲ್ಲ ಸ್ಪಷ್ಟ. ಸೊಸೆ ಟ್ಯಾಬ್ಲೆಟ್ ಹಿಡಿದರೆ ಯಾವಾಗಲೂ ಅರ್ಧ ಸೂರು ಕಾಣುತ್ತಿತ್ತು, ಅಂದು ಚಿತ್ರ ಒಂದಿಷ್ಟೂ ಅಲುಗುತ್ತಿರಲಿಲ್ಲ. ಅಂಬಕ್ಕ ನೇರವಾಗಿ ನೋಡುತ್ತಲೂ ಇರಲಿಲ್ಲ. ಮಂಚದ ಪಕ್ಕದಲ್ಲಿ ಯಾರೋ ಕೂತಿದ್ದರೆ ಕತ್ತು ಹೊರಳಿಸಿ ನೋಡುತ್ತೇವಲ್ಲ, ಹಾಗೆ ನೋಡುತ್ತಿದ್ದರು. ಮಗ ಯಾರದೋ ಮೊಬೈಲಿನಿಂದ ಹೇಗೋ ಜೋಡಿಸಿರಬೇಕು ಎಂದುಕೊಂಡು ನಾನು ಬಾಗಿಲಲ್ಲೇ ನಿಂತೆ.

"ಸಣ್ಣವರಿದ್ದಾಗ ಆವತ್ತು ಕರು ಬಿಚ್ಚಿದ್ದು ನಾನಽ, ಅಕ್ಕಾ. ಹೆಸರು ನಿಂದು ಹೇಳಿದ್ದೆ. ಪೆಟ್ಟು ನೀ ತಿಂದಿ" ಎಂದರು ಭಟ್ಟರು. ಅಂಬಕ್ಕ ನಕ್ಕು, "ನನಗ ಗೊತ್ತಿಲ್ಲೇನೋ ಹುಚ್ಚಾ" ಎಂದರು.

ಆಗ ನನಗೆ ಅರಿವಾಯಿತು, ಭಟ್ಟರ ಬಾಯಿ ಪೂರ್ತಿ ಮಫ್ಲರಿನೊಳಗಿತ್ತು. ದನಿಯೂ ತೀರಾ ಮೆತ್ತಗೆ. ಆದರೂ ಅಂಬಕ್ಕ ಮಾತು ಮುಗಿದ ಕ್ಷಣವೇ ಉತ್ತರ ಕೊಡುತ್ತಿದ್ದರು. ನಾನು ಮೊಬೈಲ್ ತೆಗೆದು ನಮ್ಮ ಆಂಟೆನಾಗಳ ಸ್ಥಿತಿ ನೋಡಿದೆ. ರಾಮನಗರದ ಮನೆಯದು ಕೆಂಪಗಿತ್ತು, ಅಂದರೆ ಸತ್ತಿತ್ತು. ಮೊಬೈಲನ್ನು ಚೀಲಕ್ಕೆ ಹಾಕುವಾಗ ಕೈಗೆ ಆ ಸುಟ್ಟ ಡಬ್ಬಿ ತಗುಲಿತು. ಅದು ಬೆಚ್ಚಗಿತ್ತು. ಹೊರಗಿನ ಚಳಿಗೆ ಚೀಲದಲ್ಲಿದ್ದ ಉಳಿದೆಲ್ಲ ಸಾಮಾನು ತಣ್ಣಗೆ ಕೊರೆಯುತ್ತಿತ್ತು, ತಪ್ಪು ತಿಳಿಯುವ ಸಂಭವವೇ ಇಲ್ಲ. ಹೆದರಿಕೆ ಆಯಿತೇ ಎಂದು ಕೇಳಿದರೆ, ಇಲ್ಲ. ಅಷ್ಟು ಹೊತ್ತೂ ಅದನ್ನು ಹಿಡಿದುಕೊಂಡೇ ನಿಂತಿದ್ದೆ. ಮಾತು ಮುಗಿದು ಚಿತ್ರ ಆರಿದ ಮೇಲೆ ಡಬ್ಬಿ ನಿಧಾನವಾಗಿ ತಣ್ಣಗಾಯಿತು. ಭಟ್ಟರು ತಿರುಗಿ, "ಛಲೋ ಆತವಾ. ನಾಳೆ ಅಂದಾಕಿ ಮುಂಜಾನೆನೇ ಹಾಕಿಬಿಟ್ಟಿ" ಎಂದರು. ನಾನು ಸುಮ್ಮನೆ ತಲೆಯಾಡಿಸಿದೆ.

ಹೊಸ ಡಬ್ಬಿ ತೆಗೆದುಕೊಂಡು ರಾಮನಗರಕ್ಕೆ ಹೋದಾಗ ಮಂಜು ಇನ್ನೂ ಬಿಟ್ಟಿರಲಿಲ್ಲ. ಕೇಬಲ್ಲಿನ ತುದಿ ನಾನು ಕಟ್ಟಿದಲ್ಲೇ ಇತ್ತು. ಅಂಬಕ್ಕನ ಟ್ಯಾಬ್ಲೆಟ್ ಎಲ್ಲಿ ಎಂದು ಕೇಳಿದೆ. ನಿನ್ನೆಯಿಂದ ಇಂಟರ್ನೆಟ್ ಇಲ್ಲವಲ್ಲ ಎಂದು ಸೊಸೆ ಅಲಮಾರಿಯಲ್ಲಿಟ್ಟಿದ್ದಳು, ಬ್ಯಾಟರಿ ಪೂರ್ತಿ ಇಳಿದಿತ್ತು. "ಅಮ್ಮಾಜಿ ಇವತ್ತು ಬೆಳಿಗ್ಗೆಯಿಂದ ಖುಷಿಯಾಗಿದ್ದಾರೆ, ತಮ್ಮಷ್ಟಕ್ಕೆ ಮಾತಾಡುತ್ತಿದ್ದರು" ಎಂಬರ್ಥದಲ್ಲಿ ಹಿಂದಿಯಲ್ಲಿ ಹೇಳಿದಳು.

ಅಂಬಕ್ಕ ನನ್ನ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು. "ಶಂಕರ ಬಂದಿದ್ದ. ಇಲ್ಲೇ ನನ್ನ ಹತ್ರ ಕೂತಿದ್ದ. ಕರುವಿಂದು ಕಡೀಗೂ ಒಪ್ಪಿದ ನೋಡು." ಆಮೇಲೆ ಅವರ ಮುಖ ಸಣ್ಣದಾಯಿತು. "ಕಾಲು ತೊಯ್ದಿದ್ವು, ಹೊಳಿ ದಾಟೇ ಬಂದಾನ. ನನ್ನ ಸಲುವಾಗಿ ಅವನ ವ್ರತ ಕೆಟ್ಟಿತಲ್ಲವಾ?"

ಸಾಯುವ ಮುದುಕಿಯ ಮನಸ್ಸಿನಲ್ಲಿ ಉಳಿದಿದ್ದ ಭಾರ ಅದೊಂದೇ. ನಾನು ಅವರಿಗೆ ಕಾಣುವಂತೆ ತುಟಿ ಅಗಲಿಸಿ ಹೇಳಿದೆ. "ಇಲ್ಲಮ್ಮ, ಭಟ್ಟರು ಬಂದಿರಲಿಲ್ಲ. ಮನೆಯಲ್ಲೇ ಇದ್ದರು, ನಾನೇ ನೋಡಿದ್ದೇನೆ. ಇಂಟರ್ನೆಟ್ಟಿನಲ್ಲಿ ಮಾತಾಡಿದರು, ಅಷ್ಟೇ." ಅವರು ನನ್ನ ಬಾಯನ್ನೇ ನೋಡುತ್ತಿದ್ದು, ನೆಮ್ಮದಿಯಿಂದ ಕಣ್ಣು ಮುಚ್ಚಿದರು. ನಾನು ಹೇಳಿದ್ದು ನಿಜವೋ ಸುಳ್ಳೋ ನನಗೇ ಗೊತ್ತಿರಲಿಲ್ಲ.

ಆ ವಾರವೇ ಅಂಬಕ್ಕ ಹೋದರು. ಭಟ್ಟರು ಹೊಳೆ ದಾಟಲಿಲ್ಲ. ಕೇದಾರ ಘಾಟಿನಲ್ಲಿ ಮುಳುಗೆದ್ದು, ಆಚೆ ದಡದ ಕಡೆ ಮುಖಮಾಡಿ ಬಹಳ ಹೊತ್ತು ನಿಂತಿದ್ದರು. ಅಕ್ಕ ಹೇಳಿದ್ದನ್ನು ನಾನು ಅವರಿಗೆ ಇವತ್ತಿಗೂ ಹೇಳಿಲ್ಲ. ಹೇಳಿದರೆ, "ಹಂಗಾದ್ರ ನಾನು ಹೊಳಿ ದಾಟಿದೆನೇನವಾ?" ಎಂದು ಅವರು ಕೇಳುತ್ತಾರೆ.

ಕಳಪೆ ಡಬ್ಬಿಗಳನ್ನೆಲ್ಲ ವಾಪಸು ಕಳಿಸಿದೆ, ಇದೊಂದನ್ನು ಬಿಟ್ಟು. ಬಿಚ್ಚಿ ನೋಡಿದ್ದೇನೆ, ಒಳಗೆ ಸುಟ್ಟು ಕರಕಲಾಗಿದೆ. ಈಗಲೂ ಮಂಜು ಬಿದ್ದ ಬೆಳಗಿನಲ್ಲಿ ಡ್ರಾಯರ್ ಎಳೆದು ಅದರ ಮೇಲೆ ಕೈಯಿಡುತ್ತೇನೆ. ತಣ್ಣಗೇ ಇರುತ್ತದೆ. ಆದರೂ ಕೈಯನ್ನು ಕೂಡಲೇ ತೆಗೆಯಲು ಮನಸ್ಸು ಬರುವುದಿಲ್ಲ.