ಜೊಳ್ಳು ಬಿದ್ದ ದೂರ

೨೦೦೫ರ ಜನವರಿ ಹದಿನೆಂಟು, ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಪುಂಜಾಲಕಟ್ಟೆಯ ಒಳಗಿನ ಪದವಿನ, ಆ ಎತ್ತರದ ಬೋಳು ಬಯಲಿನ, ಮೇಲೆ ಸೇಸಮ್ಮ ಗೆರಸೆಯನ್ನು ತಲೆಯಿಂದ ಮೇಲಕ್ಕೆತ್ತಿ ಸುಗ್ಗಿಯ ಭತ್ತ ತೂರುತ್ತಿದ್ದರು. ಗದ್ದೆ ಇರುವುದು ಕೆಳಗೆ. ಗಾಳಿಗಾಗಿ ಭತ್ತವನ್ನು ಮೇಲಕ್ಕೆ ಹೊರುವುದು ಅವರ ಅತ್ತೆಯ ಕಾಲದಿಂದ ಬಂದ ಕ್ರಮ. ನಿಲ್ಲುವ ಪಾದೆಯೂ ಅದೇ, ಒಂದು ಚಪ್ಪಟೆ ಬಂಡೆ.

ಪಾದೆಯ ಮೂಡು ದಿಕ್ಕಿಗೆ, ಒಂದು ಕೆಂಪು ಕಲ್ಲಿನ ಮೇಲೆ ಗಾಳಿಯಂತ್ರದ ಕಂಪೆನಿಯ ಎಂಜಿನಿಯರ್ ಅಶೋಕ್ ಕಪ್ಪು ಪ್ಯಾಂಟು ಹಾಕಿಕೊಂಡು ಕೂತಿದ್ದ. ಮೂಡುಬಿದಿರೆಯ ಹುಡುಗ, ಆದರೆ ಊರಿನ ಬಿಸಿಲಿಗೆ ಅತಿಥಿಯಂತೆ ಮುಖ ಸಿಂಡರಿಸುತ್ತಿದ್ದ. ಪದವಿನ ಮೇಲೆ ಎಂಟು ಯಂತ್ರ ನೆಡುವುದೆಂದು ಕಂಪೆನಿ ತೀರ್ಮಾನಿಸಿತ್ತು. ಅವುಗಳ ರೆಕ್ಕೆ ಹೊತ್ತ ಲಾರಿಗೆ ಅಗಲದ ದಾರಿ ಬೇಕು. ಆ ದಾರಿ ಹೋಗುವುದು ಗದ್ದೆಗೆ ನೀರು ತರುವ ತೋಡಿನ ಮೇಲೆ. ತೋಡು ಮುಚ್ಚಿದರೆ ಸೇಸಮ್ಮನ ಗದ್ದೆಗೆ ಸುಗ್ಗಿ ಬೆಳೆ ಇಲ್ಲ. ಪದವು ಸರಕಾರಿ ಜಾಗವಾದ್ದರಿಂದ ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

"ಮೋರಿ ಇಡ್ತೇವೆ ಅಜ್ಜಿ, ನೀರು ಹೋಗ್ತದೆ," ಎಂದ ಅಶೋಕ್.

"ಮಡಂತ್ಯಾರಿನಲ್ಲಿ ಇಟ್ಟ ಮೋರಿ ನಾನು ನೋಡಿದ್ದೇನೆ. ಅದರೊಳಗೆ ನಾಯಿ ಮರಿ ಹಾಕಿದೆ," ಎಂದರು ಸೇಸಮ್ಮ. "ಅದಿರಲಿ. ಯಂತ್ರ ತಿರುಗಲಿಕ್ಕೆ ಗಾಳಿ ಎಲ್ಲಿಂದ ತರ್ತೀರಿ?"

ಅಶೋಕ್ ಫೈಲು ತಟ್ಟಿದ. "೯೮ರಲ್ಲಿ ಇಲ್ಲಿ ಕಂಬ ನೆಟ್ಟು ಒಂದು ವರ್ಷ ಗಾಳಿ ಅಳೆದಿದ್ದಾರೆ. ಸೆಕೆಂಡಿಗೆ ಸರಾಸರಿ ಐದು ಬಿಂದು ಒಂಬತ್ತು ಮೀಟರ್. ನಿಮ್ಮ ಹತ್ತಿರ ಏನಾದರೂ ದಾಖಲೆ ಉಂಟಾ?"

"ಉಂಟು. ನೀವು ಅದರ ಮೇಲೆಯೇ ಕೂತಿದ್ದೀರಿ."

ಪಕ್ಕದಲ್ಲಿ ನಿಂತಿದ್ದ ಅಬ್ಬಾಸ್ ಗೊಳ್ಳೆಂದು ನಕ್ಕ. ಪಡುವಣ ಇಳಿಜಾರಿನ ರಬ್ಬರು ತೋಟ ಅವನದು.

ಭತ್ತ ತೂರಿದಾಗ ಗಟ್ಟಿ ಕಾಳು ಕಾಲಬುಡದಲ್ಲಿ ಬೀಳುತ್ತದೆ, ಜೊಳ್ಳು ದೂರ ಹಾರುತ್ತದೆ. ಬಚ್ಚಲ ಒಲೆಗೆ ಅದು ಬೇಕಾದ್ದರಿಂದ ಸೇಸಮ್ಮ ಅದು ಬೀಳುವಲ್ಲಿ ಚಾಪೆ ಹಾಸಿ, ಆಚೆ ತುದಿಗೆ ಒಂದು ಕಲ್ಲು ಹೇರುತ್ತಿದ್ದರು. ವರ್ಷ ಹೋದಂತೆ ಚಾಪೆ ಹತ್ತಿರ ಹತ್ತಿರ ಬಂತು. ಹಳೆಯ ಕಲ್ಲನ್ನು ಅವರು ಎತ್ತಲಿಲ್ಲ. "ಪದವಿನಲ್ಲಿ ಕಲ್ಲಿಗೆ ಬರವಾ? ಹೊತ್ತದ್ದನ್ನೇ ಮತ್ತೆ ಹೊರಲಿಕ್ಕೆ ನಾನೇನು ಕತ್ತೆಯಾ?" ಹಾಗೆ ಏಳು ವರ್ಷಕ್ಕೆ ಏಳು ಕಲ್ಲು, ಒಂದರ ಹಿಂದೆ ಒಂದು, ಪಾದೆಯ ಕಡೆಗೆ ಸಾಲಾಗಿ ನಿಂತಿದ್ದವು. ಅಶೋಕ್ ಕೂತದ್ದು ಮೊದಲನೆಯದರ ಮೇಲೆ, ೯೮ರದ್ದು, ಪಾದೆಯಿಂದ ಹದಿನೆಂಟು ಹೆಜ್ಜೆ.

ಸೇಸಮ್ಮ ಇನ್ನೊಂದು ಗೆರಸೆ ತೂರಿದರು. ಜೊಳ್ಳು ಏಳನೆಯ ಕಲ್ಲಿನ ಹತ್ತಿರವೇ ಉದುರಿತು.

"ನಿಮ್ಮ ಪ್ಯಾಂಟು ನೋಡಿಕೊಳ್ಳಿ ಎಂಜಿನಿಯರೇ, ಒಂದು ಜೊಳ್ಳೂ ಇಲ್ಲ. ಅವತ್ತಾಗಿದ್ದರೆ ಇಷ್ಟು ಹೊತ್ತಿಗೆ ನಿಮ್ಮನ್ನು ಗುಡಿಸಬೇಕಿತ್ತು. ಕಂಬ ನೆಡುವಾಗ ಇವನ ರಬ್ಬರು ನನ್ನ ಸೊಂಟಕ್ಕೆ ಬರ್ತಿತ್ತು. ಈಗ ತಲೆ ಎತ್ತಿ ನೋಡಿ. ಅದು ನನ್ನ ಗಾಳಿ ತಿಂತದೆ ಅಂತ ಏಳು ವರ್ಷದಿಂದ ಇವನಿಗೆ ಬೈತಾ ಇದ್ದೇನೆ."

"ದಿನಕ್ಕೆ ಎರಡು ಸರ್ತಿ," ಎಂದ ಅಬ್ಬಾಸ್.

"ಇದು ನೆಲದ ಗಾಳಿ ಅಜ್ಜಿ. ನಮ್ಮ ಯಂತ್ರ ಐವತ್ತು ಮೀಟರ್ ಮೇಲೆ."

ಮಾತು ಪೂರ್ತಿ ಸುಳ್ಳಲ್ಲ. ಆದರೆ ಹಳೆಯ ಕಂಬದ ಎತ್ತರ ಇಪ್ಪತ್ತೈದು ಮೀಟರ್. ಐವತ್ತರ ಲೆಕ್ಕವನ್ನು ಬೋಳು ನೆಲದ ಸೂತ್ರದಿಂದ ಹಾಕಿದ್ದರು. ಆಮೇಲೆ ನೆಲ ಬೋಳಾಗಿ ಉಳಿಯಲಿಲ್ಲ. ತೋಟದ ಮೇಲೆ ಉಜ್ಜಿಕೊಂಡು ಬರುವ ಗಾಳಿ ಎಷ್ಟೋ ಎತ್ತರದವರೆಗೆ ಸೊರಗಿರುತ್ತದೆ. ಏಳು ವರ್ಷದಲ್ಲಿ ಮರ ಬೆಳೆಯುತ್ತದೆ ಎಂಬಷ್ಟು ತಿಳಿವಳಿಕೆಗೆ ಎಂಜಿನಿಯರಿಂಗ್ ಓದಬೇಕಿಲ್ಲ. ಓದಿದವರು ಮಾತ್ರ ಅದನ್ನು ಮರೆಯಬಲ್ಲರು.

ಅಶೋಕ್ ಎದ್ದು ಪಡುವಣಕ್ಕೆ ನೋಡಿದ. "ಹಾಗಾದರೆ ರಬ್ಬರು ಕಡಿಸಿದರೆ..."

"ಟ್ಯಾಪಿಂಗ್ ಶುರುವಾಗಿದ್ದೇ ಈ ವರ್ಷ ಮಾರಾಯ್ರೆ!" ಅಬ್ಬಾಸನ ನಗು ನಿಂತಿತು. "ನಿಮ್ಮ ಫ್ಯಾನ್ ತಿರುಗಲಿಕ್ಕೆ ನಾನು ಮರ ಕಡಿಯುವುದಾ? ಅದಕ್ಕಿಂತ ಫ್ಯಾನನ್ನೇ ಕಡಲಲ್ಲಿ ನೆಡಿ."

"ಕಡಿಯಬೇಡ ಅಬ್ಬಾಸ್," ಎಂದರು ಸೇಸಮ್ಮ. ಏಳು ವರ್ಷದಲ್ಲಿ ಆ ಮರಗಳ ಪರವಾಗಿ ಅವರ ಬಾಯಿಂದ ಬಂದ ಮೊದಲ ಮಾತು ಅದು. "ಇನ್ನೂ ನಾಲ್ಕು ಸಾಲು ನೆಡು."

ಅಶೋಕ್ ಆ ದಿನ ದಾರಿಯ ಕಾಗದಕ್ಕೆ ಸಹಿ ಹಾಕದೆ ಹೋದ. ಮತ್ತೆ ಕಂಬ ಬಂತು, ಈ ಸಲ ಐವತ್ತು ಮೀಟರಿನದ್ದು. ಹನ್ನೊಂದು ತಿಂಗಳು ಅಳೆದರು. ಕಂಪೆನಿಯ ದೊಡ್ಡವರು ಒಮ್ಮೆ ಕಾರಿನಲ್ಲಿ ಬಂದರು, ಗಾಜು ಇಳಿಸದೆ ಪದವು ನೋಡಿ ಹೋದರು. ಮರುವರ್ಷದ ಜನವರಿಯಲ್ಲಿ, ಗಾಳಿ ಸಾಲದೆಂದು, ಕಂಬ ಬಿಚ್ಚಿದರು. ತೋಡು ಇದ್ದಲ್ಲೇ ಹರಿಯಿತು. ಕಂಬದ ತಂತಿ ಕಟ್ಟಿದ್ದ ಕಾಂಕ್ರೀಟು ಗಟ್ಟಿಯಲ್ಲಿ ಕಬ್ಬಿಣದ ಬಳೆ ಉಳಿದಿತ್ತು. ಸೇಸಮ್ಮ ಅದಕ್ಕೆ ದನ ಕಟ್ಟಿದರು. ಕಂಪೆನಿಯಿಂದ ಊರಿಗಾದ ಉಪಕಾರ ಅಷ್ಟು.

ಸುದ್ದಿ ಹೇಳಲು ಅಶೋಕ್ ತಾನೇ ಬಂದಿದ್ದ. ಆ ಒಂದು ಗುಣ ಅವನಲ್ಲಿತ್ತು. ಸೇಸಮ್ಮ ಎಂಟನೆಯ ಕಲ್ಲಿನಿಂದೀಚೆ ಒಂಬತ್ತನೆಯದನ್ನು ಇಟ್ಟು ಪಾದೆಯ ಕಡೆಗೆ ಹೆಜ್ಜೆ ಎಣಿಸುತ್ತಿದ್ದರು.

"ಈ ವರ್ಷ ಎಷ್ಟು ಅಜ್ಜಿ?" ಎಂದು ಕೇಳಿದ, ಜೇಬಿನಿಂದ ಪೆನ್ನು ತೆಗೆದು.

ಸೇಸಮ್ಮ ಆ ಪೆನ್ನನ್ನು ನೋಡಿದರು.

"ಏಳು," ಎಂದರು. ಮತ್ತೆ ಸ್ವಲ್ಪ ಯೋಚಿಸಿ, "ನಿಮಗೆ ಬಿಂದು ಬೇಕಲ್ಲ? ಬರೆದುಕೊಳ್ಳಿ. ಏಳು ಬಿಂದು ಐದು."